ಓದುಗರ ಪ್ರಶ್ನೆ: ಮಳೆ ಬಂದಾಗಲೇ ವೆಟ್‌ವೆಲ್ ಏಕೆ ಉಕ್ಕುತ್ತದೆ?

ಮುಂಗಾರು ಬಲಗೊಂಡ ಮೇಲೆ ನಮಗೆ ಬಂದ ಪತ್ರಗಳಲ್ಲಿ ಬಹುಪಾಲು ಒಂದೇ ವಿಷಯದ ಸುತ್ತ ಇದ್ದವು. ಕೊಳಚೆ ನೀರನ್ನು ಎತ್ತುವ ಪಂಪಿಂಗ್ ಸ್ಟೇಷನ್‌ಗಳು ಮತ್ತು ಅಲ್ಲಿ ಕೊಳಚೆ ಬಂದು ಬೀಳುವ ವೆಟ್‌ವೆಲ್ ಎಂಬ ಬಾವಿಗಳು ಮಳೆಯ ದಿನವೇ ಕೈಕೊಡುವುದೇಕೆ ಎಂಬುದು ಆ ವಿಷಯ. ಅವುಗಳಲ್ಲಿ ಆರು ಪ್ರಶ್ನೆಗಳನ್ನು ಆರಿಸಿ ಉತ್ತರಿಸಿದ್ದೇವೆ. ಉತ್ತರ ಬರೆದವರು ಒಳಚರಂಡಿ ಮತ್ತು ಪಂಪ್‌ಹೌಸ್‌ಗಳ ಕೆಲಸದಲ್ಲಿ ಬಹುಕಾಲ ಇದ್ದ ಎಂಜಿನಿಯರ್.

ಪ್ರಶ್ನೆ: ನಮ್ಮ ಬಡಾವಣೆಯ ತಗ್ಗಿನ ಮೂಲೆಯಲ್ಲಿ ಕೊಳಚೆ ನೀರಿನ ಪಂಪಿಂಗ್ ಸ್ಟೇಷನ್ ಇದೆ. ಮಳೆಯಿಲ್ಲದ ದಿನಗಳಲ್ಲಿ ಅದರಿಂದ ಯಾವ ತೊಂದರೆಯೂ ಇಲ್ಲ. ಜೋರು ಮಳೆ ಹಿಡಿದು ಅರ್ಧ ಗಂಟೆಯಾಗುವಷ್ಟರಲ್ಲಿ ನಮ್ಮ ಕೆಳಮನೆಯ ಬಚ್ಚಲಿನಲ್ಲಿ ಕೊಳಚೆ ಮೇಲೆ ಬರುತ್ತದೆ. ಎರಡು ಪಟ್ಟು ಶಕ್ತಿಯ ಪಂಪು ಹಾಕಿಸಬೇಕೆಂದು ನಿವಾಸಿಗಳ ಸಂಘದವರು ಮನವಿ ಬರೆಯುತ್ತಿದ್ದಾರೆ. ಈ ಬೇಡಿಕೆ ಸರಿಯೇ?
— ಒಬ್ಬ ಓದುಗರು, ಬೆಂಗಳೂರು

ಮನವಿಗೆ ಸಹಿ ಹಾಕುವ ಮುನ್ನ ಒಂದು ಲೆಕ್ಕ ಮಾಡಿ ನೋಡೋಣ. ನಮ್ಮಲ್ಲಿ ಒಳಚರಂಡಿಯನ್ನು ಯೋಜಿಸುವವರು ಕೇಂದ್ರ ಸರ್ಕಾರದ ಸಾರ್ವಜನಿಕ ಆರೋಗ್ಯ ಮತ್ತು ಪರಿಸರ ಎಂಜಿನಿಯರಿಂಗ್ ಸಂಸ್ಥೆಯ (ಸಿಪಿಎಚ್‌ಇಇಒ) ಕೈಪಿಡಿಯನ್ನು ಅನುಸರಿಸುತ್ತಾರೆ. ಅದರ ಪ್ರಕಾರ ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಪೂರೈಕೆಯಾದರೆ, ಅದರಲ್ಲಿ ಶೇ 80ರಷ್ಟು ಕೊಳಚೆಯಾಗಿ ಕೊಳವೆಗೆ ಮರಳುತ್ತದೆ. ಐದು ಜನರಿರುವ ಮನೆಯಿಂದ ದಿನಕ್ಕೆ 540 ಲೀಟರ್ ಬರುತ್ತದೆ ಎಂದಾಯಿತು. ಬೆಳಗಿನ ಸ್ನಾನ, ತಿಂಡಿ, ಪಾತ್ರೆಗಳ ಹೊತ್ತಿನಲ್ಲಿ ಹರಿವು ಸರಾಸರಿಗಿಂತ ಬಹಳ ಹೆಚ್ಚಿರುವುದರಿಂದ, 20,000ದೊಳಗಿನ ಜನಸಂಖ್ಯೆಗೆ ಸರಾಸರಿಯ ಮೂರು ಪಟ್ಟು ಹರಿವನ್ನು ಹಿಡಿದು ಕೊಳವೆಯನ್ನೂ ಪಂಪನ್ನೂ ಆರಿಸುತ್ತಾರೆ. ಅಂದರೆ ಅತಿ ಗಡಿಬಿಡಿಯ ಹೊತ್ತಿನಲ್ಲೂ ಒಂದು ಮನೆಯ ಪಾಲು ಗಂಟೆಗೆ ಸುಮಾರು 68 ಲೀಟರ್ ಮಾತ್ರ.

ಇನ್ನು ಮಳೆಯ ಲೆಕ್ಕ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಅದು ಸರಿಯಾಗಿ ಒಂದು ಲೀಟರ್. 30×40 ನಿವೇಶನದ ಮನೆಯ ತಾರಸಿಯನ್ನು 100 ಚದರ ಮೀಟರ್ ಎಂದು ಹಿಡಿಯಿರಿ. ಗಂಟೆಗೆ 50 ಮಿ.ಮೀ. ಮಳೆ ಸುರಿದರೆ ಆ ಒಂದು ತಾರಸಿಯಿಂದ 5,000 ಲೀಟರ್ ಇಳಿಯುತ್ತದೆ. ತಾರಸಿಯ ಕೊಳವೆಯನ್ನು ಮನೆಯ ಕೊಳಚೆ ಚೇಂಬರ್‌ಗೆ ಸೇರಿಸಿಬಿಟ್ಟರೆ, ಆ ಒಂದು ಗಂಟೆಯ ಮಟ್ಟಿಗೆ ಆ ಮನೆ 74 ಮನೆಗಳಿಗೆ ಸಮ. ಸಾವಿರ ಮನೆಗಳ ಬಡಾವಣೆಯಲ್ಲಿ ನೂರು ಮನೆಯವರು ಹೀಗೆ ಮಾಡಿದ್ದರೆ ಗಂಟೆಗೆ ಐದು ಲಕ್ಷ ಲೀಟರ್ ಮಳೆನೀರು ಒಳಗೆ ಇಳಿಯುತ್ತದೆ. ಇಡೀ ಬಡಾವಣೆಯ ಒಂದು ದಿನದ ಕೊಳಚೆ 5.4 ಲಕ್ಷ ಲೀಟರ್. ಇಡೀ ದಿನದಲ್ಲಿ ಬರಬೇಕಾದಷ್ಟು ನೀರು ಒಂದೇ ಗಂಟೆಯಲ್ಲಿ ಬಾಗಿಲಿಗೆ ಬಂದು ನಿಂತಂತಾಯಿತು. ನೂರು ಬೇಡ, ಹತ್ತೇ ಮನೆಯವರು ಸೇರಿಸಿದ್ದರೂ 50,000 ಲೀಟರ್ ಆಗುತ್ತದೆ. ಪಂಪಿಗೆ ಗೊತ್ತುಪಡಿಸಿದ ಗರಿಷ್ಠ ಹರಿವಿನ ಮುಕ್ಕಾಲು ಪಾಲನ್ನು ಹತ್ತು ತಾರಸಿಗಳೇ ತಿಂದುಹಾಕುತ್ತವೆ.

ಕೊಳಚೆ ಬಂದು ಬೀಳುವ ಬಾವಿಯನ್ನು, ಅಂದರೆ ವೆಟ್‌ವೆಲ್ಲನ್ನು, ಬೇಕೆಂದೇ ದೊಡ್ಡದಾಗಿ ಕಟ್ಟುವುದಿಲ್ಲ. ಕೊಳಚೆ ಅಲ್ಲಿ ಬಹಳ ಹೊತ್ತು ನಿಂತರೆ ಕೊಳೆತು ವಿಷಾನಿಲ ಹುಟ್ಟುತ್ತದೆ. ಆದ್ದರಿಂದ ಸರಾಸರಿ ಹರಿವಿನ ಅರ್ಧ ಗಂಟೆಯ ನೀರಿಗಿಂತ ಹೆಚ್ಚು ಹಿಡಿಸದಂತೆ ನೋಡಿಕೊಳ್ಳುತ್ತಾರೆ. ಮೇಲಿನ ಸಾವಿರ ಮನೆಗಳ ಲೆಕ್ಕದಲ್ಲಿ ಅದು ಹನ್ನೊಂದು ಸಾವಿರ ಲೀಟರ್ ಚಿಲ್ಲರೆ. ನೂರು ತಾರಸಿಗಳ ನೀರು ಅಡ್ಡಿಯಿಲ್ಲದೆ ಬಂದು ಬಿದ್ದರೆ, ಪಂಪು ಪೂರ್ಣ ವೇಗದಲ್ಲಿ ಓಡುತ್ತಿದ್ದರೂ, ಈ ಬಾವಿ ತುಂಬಲು ಒಂದೂವರೆ ನಿಮಿಷ ಸಾಕು. ಹಾಗೆ ಅಡ್ಡಿಯಿಲ್ಲದೆ ಬರಲು ರಸ್ತೆಯಡಿಯ ಕೊಳವೆಗೂ ಅಷ್ಟು ಅಗಲವಿಲ್ಲ ಎನ್ನುವುದು ಬೇರೆ ಮಾತು. ಕೊಳವೆ ಕಂಠಮಟ್ಟ ತುಂಬಿದ ಮೇಲೆ ನೀರು ಮ್ಯಾನ್‌ಹೋಲ್‌ಗಳಲ್ಲಿ ಏರತೊಡಗುತ್ತದೆ. ಏರಿದ ನೀರು ಆ ಸಾಲಿನಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವ ಬಾಯಿಯನ್ನು ಹುಡುಕುತ್ತದೆ. ನಿಮ್ಮ ಕೆಳಮನೆಯ ಬಚ್ಚಲು ಬೀದಿಯ ಮ್ಯಾನ್‌ಹೋಲಿನ ಮುಚ್ಚಳಕ್ಕಿಂತ ತಗ್ಗಿನಲ್ಲಿರಬೇಕು. ಮೇಲಿನ ಬೀದಿಯವರ ತಾರಸಿಯ ನೀರು ನಿಮ್ಮ ಬಚ್ಚಲಲ್ಲಿ ಬಂದು ಕಾಣಿಸಿಕೊಳ್ಳುವುದು ಹೀಗೆ.

ಎರಡು ಪಟ್ಟು ದೊಡ್ಡ ಪಂಪು ಹಾಕಿದರೆ ಏನಾಗುತ್ತದೆ? ಪಂಪಿನಿಂದ ಮುಂದಕ್ಕೆ ನೀರನ್ನು ಒಯ್ಯುವ ಏರುಕೊಳವೆ ಹಳೆಯದೇ ಇರುತ್ತದೆ. ಅದೇ ಕೊಳವೆಯಲ್ಲಿ ಎರಡರಷ್ಟು ನೀರು ಹರಿಸಬೇಕಾದರೆ ಗೋಡೆಯ ಘರ್ಷಣೆಯಿಂದಾಗುವ ಒತ್ತಡದ ನಷ್ಟ ನಾಲ್ಕರಷ್ಟಾಗುತ್ತದೆ. ಆ ಘರ್ಷಣೆಯನ್ನು ಗೆಲ್ಲಲು ಬೇಕಾದ ವಿದ್ಯುತ್ ಎಂಟರಷ್ಟಾಗುತ್ತದೆ. ಇದೇ ಕಾರಣಕ್ಕೆ ಒಂದು ಪಂಪು ಓಡುತ್ತಿರುವಾಗ ಪಕ್ಕದ ಇನ್ನೊಂದನ್ನು ಚಾಲೂ ಮಾಡಿದರೆ ನೀರು ಇಮ್ಮಡಿಯಾಗುವುದಿಲ್ಲ, ಸ್ವಲ್ಪ ಹೆಚ್ಚಾಗುತ್ತದೆ ಅಷ್ಟೆ. ಜೊತೆಗೆ ದೊಡ್ಡ ಪಂಪು ಮಳೆಯಿಲ್ಲದ ದಿನಗಳಲ್ಲಿ ಪುಟ್ಟ ಬಾವಿಯನ್ನು ಕ್ಷಣದಲ್ಲಿ ಬರಿದುಮಾಡಿ ನಿಲ್ಲುತ್ತದೆ, ಮತ್ತೆ ಹೊರಡುತ್ತದೆ, ಮತ್ತೆ ನಿಲ್ಲುತ್ತದೆ. ಪದೇ ಪದೇ ಸ್ಟಾರ್ಟ್ ಆಗುವ ಮೋಟಾರಿನ ವೈಂಡಿಂಗ್ ಬೇಗ ಸುಡುತ್ತದೆ. ಜನ ಹೆಚ್ಚಿ ಕೊಳಚೆಯೇ ಹೆಚ್ಚಾಗಿದ್ದರೆ ದೊಡ್ಡ ಪಂಪಿನ ಬೇಡಿಕೆ ನ್ಯಾಯವಾದದ್ದು. ಮಳೆಯಿಲ್ಲದ ದಿನಗಳಲ್ಲಿ ಏನೂ ತೊಂದರೆಯಿಲ್ಲ ಎಂದು ನೀವೇ ಬರೆದಿದ್ದೀರಿ. ಅಂಥ ಕಡೆ ಪಂಪು ಬದಲಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ. ನಿಮ್ಮ ಸಂಘದವರು ಮನವಿಯಲ್ಲಿ ಮೊದಲು ಕೇಳಬೇಕಾದದ್ದು, ಮೇಲಿನ ಬೀದಿಗಳಲ್ಲಿ ಯಾವ ಯಾವ ಮನೆಯ ಮಳೆಕೊಳವೆ ಎಲ್ಲಿಗೆ ಹೋಗಿದೆ ಎಂಬ ಮನೆಮನೆಯ ತಪಾಸಣೆ. ಆ ತಪಾಸಣೆಗೆ ಒಪ್ಪುವವರು ಸಂಘದಲ್ಲಿ ಎಷ್ಟು ಜನ ಇರುತ್ತಾರೆ ಎಂಬುದನ್ನು ನಾನು ಅನುಭವದಿಂದ ಬಲ್ಲೆ, ಆದರೂ ಕೇಳಿ.

ಪ್ರಶ್ನೆ: ನಮ್ಮೂರಿನಲ್ಲಿ ಒಳಚರಂಡಿಯೇ ಬೇರೆ, ಮಳೆನೀರಿನ ತೋಡೇ ಬೇರೆ. ಹೆಚ್ಚಿನ ಮನೆಗಳಿಗೆ ಹೆಂಚಿನ ಮಾಡು. ಸೂರಿನ ನೀರು ಅಂಗಳಕ್ಕೇ ಬೀಳುತ್ತದೆ. ಹಾಗಿದ್ದೂ ಆಟಿ ತಿಂಗಳಿನಲ್ಲಿ ಮಳೆ ಬಿಟ್ಟು ಎರಡು ದಿನವಾದರೂ ವೆಟ್‌ವೆಲ್ ತುಂಬಿಯೇ ಇರುತ್ತದೆ. ಈ ನೀರು ಎಲ್ಲಿಂದ ಬರುತ್ತದೆ?
— ಒಬ್ಬ ಓದುಗರು, ಮಂಗಳೂರು

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರವಿದೆ. ಮಳೆನೀರು ಒಳಚರಂಡಿಗೆ ಎರಡು ದಾರಿಯಲ್ಲಿ ಬರುತ್ತದೆ. ತಾರಸಿಯ ಕೊಳವೆ, ಅಂಗಳದ ಜಾಲರಿ, ನೀರಿನಲ್ಲಿ ಮುಳುಗಿದ ಮ್ಯಾನ್‌ಹೋಲ್ ಮುಚ್ಚಳದ ತೂತು, ರಸ್ತೆಯ ನೀರು ಇಳಿಯಲಿ ಎಂದು ಯಾರೋ ಹಾರೆ ಹಾಕಿ ಎತ್ತಿಟ್ಟ ಮುಚ್ಚಳ, ಇವುಗಳ ಮೂಲಕ ನೇರವಾಗಿ ನುಗ್ಗುವುದು ಒಂದು. ಇದು ಮಳೆಯ ಜೊತೆಗೇ ಬಂದು ಮಳೆ ನಿಂತ ಕೆಲವು ಗಂಟೆಗಳಲ್ಲಿ ಇಳಿದುಹೋಗುತ್ತದೆ. ಇನ್ನೊಂದು ನೆಲದೊಳಗಿನಿಂದ ಜಿನುಗಿ ಬರುವ ನೀರು. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಮುರಕಲ್ಲಿನ ನೆಲ ನೀರನ್ನು ಬೇಗ ಕುಡಿಯುತ್ತದೆ, ಬಾವಿಯ ನೀರು ಬಗ್ಗಿದರೆ ಕೈಗೆ ಸಿಗುವಷ್ಟು ಮೇಲೆ ಬರುತ್ತದೆ. ಬಾವಿಯಲ್ಲಿ ನೀರು ಅಷ್ಟು ಮೇಲಿದೆ ಎಂದರೆ ರಸ್ತೆಯಡಿ ಎರಡು ಮೂರು ಮೀಟರ್ ಆಳದಲ್ಲಿರುವ ಕೊಳಚೆ ಕೊಳವೆಯೂ ಅಂತರ್ಜಲದಲ್ಲಿ ಮುಳುಗಿದೆ ಎಂದೇ ಅರ್ಥ. ಹಳೆಯ ಸ್ಟೋನ್‌ವೇರ್ ಕೊಳವೆಯ ಸಿಮೆಂಟ್ ಸಂದು, ಬೇರು ಹೊಕ್ಕ ಬಿರುಕು, ಇಟ್ಟಿಗೆಯ ಮ್ಯಾನ್‌ಹೋಲಿನ ಉದುರಿದ ಗಾರೆ, ಇವೆಲ್ಲ ಆಗ ಊಟೆಗಳಾಗುತ್ತವೆ. ಮಳೆ ನಿಂತರೂ ಅಂತರ್ಜಲ ಇಳಿಯುವವರೆಗೆ ಊಟೆ ನಿಲ್ಲುವುದಿಲ್ಲ. ತೋಡಿನ ದಂಡೆಗುಂಟ ತಗ್ಗಿನಲ್ಲಿ ಕೊಳವೆ ಹಾಕಿದ್ದರಂತೂ, ಕೊಳವೆ ತಾನಾಗಿ ಹರಿಯಲು ಅದೇ ಅನುಕೂಲದ ದಾರಿಯಾದ್ದರಿಂದ ಬಹಳ ಕಡೆ ಹಾಗೆಯೇ ಹಾಕಿರುತ್ತಾರೆ, ತೋಡು ಉಕ್ಕಿದಾಗ ಮ್ಯಾನ್‌ಹೋಲ್‌ಗಳು ಸಾಲಾಗಿ ಮುಳುಗುತ್ತವೆ.

ಸ್ವಲ್ಪ ಜಿನುಗು ಇದ್ದೇ ಇರುತ್ತದೆ ಎಂದು ಯೋಜಿಸುವವರಿಗೂ ಗೊತ್ತಿದೆ. ಒಂದು ಮ್ಯಾನ್‌ಹೋಲಿಗೆ ದಿನಕ್ಕೆ 250ರಿಂದ 500 ಲೀಟರ್ ಎಂಬಂತೆ ಕೈಪಿಡಿಯಲ್ಲೇ ಅದಕ್ಕೆ ಅವಕಾಶವಿದೆ. ಒಟ್ಟಾರೆ ಅದು ಯೋಜಿತ ಕೊಳಚೆಯ ಶೇ 10ನ್ನು ಮೀರಬಾರದು ಎಂದು 2013ರ ಕೈಪಿಡಿ ಹೇಳುತ್ತದೆ. ನೆಲದ ಜಿನುಗಿಗೆ ಹೀಗೆ ಜಾಗವಿದೆ, ತಾರಸಿಯ ನೀರಿಗೆ ಇಲ್ಲ.

ಯಾವ ನೀರು ಯಾವ ದಾರಿಯಲ್ಲಿ ಬರುತ್ತಿದೆ ಎಂದು ಕಂಡುಹಿಡಿಯಲು ದುಬಾರಿ ಉಪಕರಣ ಮೊದಲಿಗೆ ಬೇಕಿಲ್ಲ. ಪಂಪ್‌ಹೌಸಿನ ಲಾಗ್‌ಬುಕ್ ಸಾಕು. ಪ್ರತಿ ಪಂಪು ದಿನಕ್ಕೆ ಎಷ್ಟು ಗಂಟೆ ಓಡಿತು ಎಂದು ಆಪರೇಟರ್ ಅದರಲ್ಲಿ ಬರೆದಿರುತ್ತಾರೆ. ಬೇಸಗೆಯಲ್ಲಿ ದಿನಕ್ಕೆ ಎಂಟು ಗಂಟೆ ಓಡುವ ಪಂಪು ಮಳೆಯ ದಿನ ಇಪ್ಪತ್ತು ಗಂಟೆ ಓಡಿ ಮರುದಿನವೇ ಎಂಟಕ್ಕೆ ಇಳಿದರೆ ಕಳ್ಳ ತಾರಸಿಯ ಮೇಲಿದ್ದಾನೆ. ನಾಲ್ಕು ದಿನ ಹದಿನೈದು ಹದಿನಾಲ್ಕು ಗಂಟೆಗಳಲ್ಲೇ ತಡೆದು ನಿಧಾನವಾಗಿ ಇಳಿದರೆ ನೆಲದಡಿಯಲ್ಲಿದ್ದಾನೆ. ನೆಲದಡಿಯದ್ದನ್ನು ಇನ್ನೂ ಖಚಿತಪಡಿಸಿಕೊಳ್ಳಬೇಕಾದರೆ ಮಳೆಯಿಲ್ಲದ ರಾತ್ರಿ ಎರಡರಿಂದ ನಾಲ್ಕರ ನಡುವೆ ಮ್ಯಾನ್‌ಹೋಲ್‌ಗಳ ಮುಚ್ಚಳ ತೆಗೆಸಿ ನೋಡಬೇಕು. ಊರೆಲ್ಲ ಮಲಗಿರುವ ಹೊತ್ತಿನಲ್ಲೂ ಕೊಳವೆಯಲ್ಲಿ ತಿಳಿನೀರು ಸಳಸಳ ಹರಿಯುತ್ತಿದ್ದರೆ ಅದು ಯಾರ ಮನೆಯ ನೀರೂ ಅಲ್ಲ. ಒಂದೊಂದೇ ಮ್ಯಾನ್‌ಹೋಲ್ ಮೇಲಕ್ಕೆ ಹೋಗುತ್ತಾ, ಹರಿವು ಥಟ್ಟನೆ ಕಡಿಮೆಯಾದ ಜಾಗ ಸಿಕ್ಕಿದರೆ ಅದಕ್ಕೂ ಹಿಂದಿನದಕ್ಕೂ ನಡುವಿನ ಕೊಳವೆಯೊಳಗೆ ಕ್ಯಾಮೆರಾ ಕಳಿಸಬಹುದು. ಮೊದಲೇ ಇಡೀ ಊರಿಗೆ ಕ್ಯಾಮೆರಾ ಹಾಯಿಸುವ ಟೆಂಡರ್ ಕರೆಯುವುದಕ್ಕಿಂತ ಇದು ಅಗ್ಗ.

ನೇರವಾಗಿ ನುಗ್ಗುವ ನೀರನ್ನು ಹಿಡಿಯಲು ಹೊಗೆ ಪರೀಕ್ಷೆ ಇದೆ. ಮ್ಯಾನ್‌ಹೋಲಿನೊಳಕ್ಕೆ ನಿರಪಾಯಕಾರಿ ಹೊಗೆಯನ್ನು ಬ್ಲೋವರ್‌ನಿಂದ ಊದಿದರೆ, ಎಲ್ಲೆಲ್ಲಿ ಕೊಳಚೆ ಸಾಲಿಗೆ ಬಾಯಿ ಇದೆಯೋ ಅಲ್ಲೆಲ್ಲ ಹೊಗೆ ಏಳುತ್ತದೆ. ಶೌಚಾಲಯದ ವೆಂಟ್ ಪೈಪಿನಿಂದ ಹೊಗೆ ಬಂದರೆ ಸರಿಯಾಗಿಯೇ ಇದೆ. ತಾರಸಿಯ ನೀರು ಇಳಿಯುವ ಕೊಳವೆಯ ಬಾಯಿಂದ ಬಂದರೆ ಬೀದಿಯಲ್ಲಿ ನಿಂತವರಿಗೆಲ್ಲ ಸಂಗತಿ ತಿಳಿದುಬಿಡುತ್ತದೆ.

ಪ್ರಶ್ನೆ: ಮಳೆನೀರು ಸೇರಿದರೆ ಕೊಳಚೆ ತೆಳುವಾಗುತ್ತದೆ. ಶುದ್ಧೀಕರಣ ಘಟಕಕ್ಕೆ ಇದರಿಂದ ಅನುಕೂಲವೇ ಅಲ್ಲವೇ?
— ವಿಜ್ಞಾನ ವಿದ್ಯಾರ್ಥಿ, ಧಾರವಾಡ

ಅಲ್ಲ. ಕೊಳಚೆಯಲ್ಲಿರುವ ಸಾವಯವ ಪದಾರ್ಥವೇ ಶುದ್ಧೀಕರಣ ಘಟಕದ ಸೂಕ್ಷ್ಮಜೀವಿಗಳ ಆಹಾರ. ಮಳೆಯ ದಿನ ಅವುಗಳಿಗೆ ನೀರು ಹೆಚ್ಚು ಬರುತ್ತದೆ, ಆಹಾರ ಹೆಚ್ಚಾಗುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ತಿಳಿಗೊಳಿಸುವ ತೊಟ್ಟಿಯಲ್ಲಿದೆ. ಅಲ್ಲಿ ನೀರು ನಿಧಾನವಾಗಿ ಮೇಲೇರಬೇಕು, ಜೀವಿಗಳ ರಾಡಿ ತಳಕ್ಕೆ ಕೂರಬೇಕು. ಹರಿವು ಎರಡು ಮೂರು ಪಟ್ಟಾದಾಗ ನೀರು ಮೇಲೇರುವ ವೇಗ ರಾಡಿ ಕೂರುವ ವೇಗವನ್ನು ಮೀರುತ್ತದೆ. ವಾರಗಟ್ಟಲೆ ಬೆಳೆಸಿದ ಜೀವಿಗಳು ಒಂದು ಮಧ್ಯಾಹ್ನದಲ್ಲಿ ಅಂಚು ದಾಟಿ ಹಳ್ಳ ಸೇರುತ್ತವೆ. ಮೊಸರಿಗೆ ಹೆಪ್ಪು ಉಳಿಸದೆ ಎಲ್ಲವನ್ನೂ ಬಡಿಸಿಬಿಟ್ಟ ಮನೆಯಂತಾಗುತ್ತದೆ ಘಟಕ. ಮಳೆ ನಿಂತ ಮೇಲೆ ಎಂದಿನ ಗಟ್ಟಿ ಕೊಳಚೆ ಬರುತ್ತದೆ, ಅದನ್ನು ತಿನ್ನುವವರು ಇರುವುದಿಲ್ಲ. ಇದನ್ನು ತಪ್ಪಿಸಲು ನಿರ್ವಾಹಕರು ಹೆಚ್ಚಿನ ನೀರನ್ನು ಘಟಕದ ಹೊರಗಿನಿಂದಲೇ ಹಾಯಿಸುತ್ತಾರೆ, ಅದು ಸಂಸ್ಕರಣೆಯಾಗದ ಕೊಳಚೆಯೇ.

ಹಣದ ಲೆಕ್ಕವೂ ಸಣ್ಣದಲ್ಲ. ಹತ್ತು ಲಕ್ಷ ಲೀಟರ್ ನೀರನ್ನು 20 ಮೀಟರ್ ಎತ್ತಲು, ಪಂಪು ಮತ್ತು ಮೋಟಾರಿನ ಒಟ್ಟು ದಕ್ಷತೆ ಶೇ 60 ಎಂದು ಹಿಡಿದರೆ, ಸುಮಾರು 90 ಯೂನಿಟ್ ವಿದ್ಯುತ್ ಬೇಕು. ಆಕಾಶದಿಂದ ಶುದ್ಧವಾಗಿ ಬಿದ್ದ ನೀರನ್ನು ಕೊಳಚೆಗೆ ಬೆರೆಸಿ, ಒಂದರ ಮೇಲೊಂದು ಪಂಪಿಂಗ್ ಸ್ಟೇಷನ್‌ನಲ್ಲಿ ಎತ್ತಿ, ಆಮೇಲೆ ಶುದ್ಧೀಕರಿಸಲು ಮತ್ತೆ ಹಣ ಕೊಡುವುದು ಎಂಥ ವ್ಯವಹಾರವೆಂದು ನೀವೇ ಹೇಳಿ.

ಪ್ರಶ್ನೆ: ಎರಡು ಬೇರೆ ಬೇರೆ ಜಾಲ ಕಟ್ಟಿ ಪರದಾಡುವ ಬದಲು, ಎರಡೂ ನೀರು ಹಿಡಿಸುವಷ್ಟು ದೊಡ್ಡ ಕೊಳವೆಯೊಂದನ್ನೇ ಹಾಕಬಾರದೇಕೆ? ವಿದೇಶಗಳಲ್ಲಿ ಹೀಗಿದೆ ಎಂದು ಕೇಳಿದ್ದೇನೆ.
— ನಿವೃತ್ತ ಶಿಕ್ಷಕರು, ದಾವಣಗೆರೆ

ಇದೆ. ಲಂಡನ್ನಿನ ಹಳೆಯ ಜಾಲ ಹಾಗೆಯೇ ಇದೆ. 1858ರ ಬೇಸಗೆಯಲ್ಲಿ ಥೇಮ್ಸ್ ನದಿಯ ದುರ್ನಾತ ಸಂಸತ್ತಿನವರೆಗೆ ಮುಟ್ಟಿದ ಮೇಲೆ ಎಂಜಿನಿಯರ್ ಜೋಸೆಫ್ ಬಜಾಲ್ಜೆಟ್ ಕಟ್ಟಿಸಿದ್ದು. ನಮ್ಮ ದೇಶದಲ್ಲೇ ನೋಡಬೇಕಾದರೆ ಕೋಲ್ಕತ್ತದ ಹಳೆಯ ಭಾಗದಲ್ಲಿ 19ನೇ ಶತಮಾನದ ಅಂಥ ಜಾಲವಿದೆ. ಈ ವ್ಯವಸ್ಥೆಯಲ್ಲಿ ಜೋರು ಮಳೆಯ ನೀರೆಲ್ಲವನ್ನೂ ಘಟಕಕ್ಕೆ ಒಯ್ಯಲಾಗದೆ, ಮಿಕ್ಕಿದ್ದನ್ನು ಕೊಳಚೆಯ ಸಮೇತ ನದಿಗೆ ಬಿಡುವ ಬಾಯಿಗಳನ್ನು ಮೊದಲೇ ಇಟ್ಟಿರುತ್ತಾರೆ. ಆ ಬಾಯಿಗಳಿಂದ ಥೇಮ್ಸ್‌ಗೆ ಬೀಳುತ್ತಿದ್ದುದನ್ನು ಹಿಡಿಯಲೆಂದೇ ಲಂಡನ್ನಿನಲ್ಲಿ 25 ಕಿ.ಮೀ. ಉದ್ದದ ಸುರಂಗವನ್ನು ಕೊರೆದು, 2025ರಲ್ಲಿ ಪೂರ್ಣವಾಗಿ ಜೋಡಿಸಿದರು.

ಅಲ್ಲಿ ಮಳೆ ವರ್ಷವಿಡೀ ಹಂಚಿಕೊಂಡು ಬೀಳುತ್ತದೆ. ನಮ್ಮಲ್ಲಿ ಕೆಲವೇ ತಿಂಗಳು, ಅದೂ ಕೆಲವೇ ಗಂಟೆಗಳಲ್ಲಿ ಸುರಿಯುತ್ತದೆ. ಆ ಗಂಟೆಗಳಿಗೆ ಸಾಲುವಷ್ಟು ದೊಡ್ಡ ಕೊಳವೆಯ ತಳದಲ್ಲಿ ಉಳಿದ ದಿನಗಳಂದು ಕೊಳಚೆ ತೆಳುವಾದ ಎಳೆಯಂತೆ ತೆವಳುತ್ತದೆ. ಕೊಳವೆ ತನ್ನನ್ನು ತಾನು ತೊಳೆದುಕೊಳ್ಳಬೇಕಾದರೆ ಹರಿವಿನ ವೇಗ ಸೆಕೆಂಡಿಗೆ 0.6 ಮೀಟರ್‌ನಷ್ಟಾದರೂ ಇರಬೇಕು. ಇಲ್ಲದಿದ್ದರೆ ಮಲ, ಮರಳು ತಳದಲ್ಲಿ ಕೂತು ಕೊಳೆಯುತ್ತವೆ. ಹೀಗಾಗಿ ಪ್ರತ್ಯೇಕ ಜಾಲವೇ ನಮಗೆ ಸರಿ ಎಂಬುದು ನನ್ನ ಅಭಿಪ್ರಾಯ. ಆದರೆ ಕಾಗದದ ಮೇಲೆ ಪ್ರತ್ಯೇಕ, ನೆಲದಲ್ಲಿ ಬೆರಕೆ ಎಂಬ ಈಗಿನ ಸ್ಥಿತಿಯಲ್ಲಿ ಎರಡೂ ವ್ಯವಸ್ಥೆಗಳ ಕೆಡುಕು ನಮ್ಮ ಪಾಲಿಗೆ ಬಂದಿದೆ: ಮಳೆನೀರು ಒಳಚರಂಡಿಯಲ್ಲಿ, ಕೊಳಚೆ ರಾಜಕಾಲುವೆಯಲ್ಲಿ.

ಪ್ರಶ್ನೆ: ನಾನು ಒಂದು ಪಟ್ಟಣದ ವೆಟ್‌ವೆಲ್‌ನಲ್ಲಿ ಪಂಪ್ ಆಪರೇಟರ್. ಮಳೆ ಬಂದಾಗ ಜಾಲರಿ ಕಟ್ಟಿಕೊಳ್ಳುತ್ತದೆ, ಮೋಟಾರ್ ಟ್ರಿಪ್ ಆಗುತ್ತದೆ, ಕರೆಂಟ್ ಹೋಗುತ್ತದೆ. ಬೈಗುಳ ಮಾತ್ರ ನನಗೆ. ಇಳಿದು ಕಸ ತೆಗೆ ಎಂದೂ ಒತ್ತಾಯಿಸುತ್ತಾರೆ. ಇವುಗಳಲ್ಲಿ ಯಾವುದನ್ನು ತಡೆಯಲು ನನ್ನಿಂದ ಸಾಧ್ಯ?
— ಹೆಸರು, ಊರು ಬೇಡವೆಂದು ಕೋರಿದ್ದಾರೆ

ಕೊನೆಯ ಮಾತಿಗೆ ಮೊದಲು ಉತ್ತರಿಸುತ್ತೇನೆ: ಇಳಿಯಬೇಡಿ. ಮಳೆಯ ಮೊದಲ ರಭಸ ಕೊಳವೆಯ ತಳದಲ್ಲಿ ತಿಂಗಳುಗಟ್ಟಲೆ ಕೂತಿದ್ದ ರಾಡಿಯನ್ನು ಕಲಕಿ ತರುತ್ತದೆ, ಅದರೊಳಗಿದ್ದ ಹೈಡ್ರೋಜನ್ ಸಲ್ಫೈಡ್ ಅನಿಲ ಬಾವಿಯಲ್ಲಿ ಬಿಡುಗಡೆಯಾಗುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲೇ ನಿಲ್ಲುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ ನಿಜ. ಪ್ರಮಾಣ ಹತ್ತು ಲಕ್ಷಕ್ಕೆ ನೂರರಷ್ಟಾದಾಗ ಮೂಗೇ ಮರಗಟ್ಟಿ ವಾಸನೆ ತಿಳಿಯದಂತಾಗುತ್ತದೆ. ವಾಸನೆ ಹೋಯಿತು, ಇನ್ನು ಇಳಿಯಬಹುದು ಎಂದುಕೊಂಡವರು ಮೇಲೆ ಬಂದಿಲ್ಲ. ಅವರನ್ನು ಎತ್ತಲು ಇಳಿದವರೂ ಬಂದಿಲ್ಲ. ರಕ್ಷಣಾ ಸಾಧನಗಳಿಲ್ಲದೆ ಮನುಷ್ಯರನ್ನು ಒಳಚರಂಡಿಗೆ ಇಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದ 2013ರ ಕಾಯ್ದೆಯ ಪ್ರಕಾರ ಅಪರಾಧ. ಇಂಥ ಸಾವುಗಳಿಗೆ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು. ಇಳಿಯೆಂದು ಹೇಳುವವರಿಗೆ ಈ ಕಾಯ್ದೆಯನ್ನು ತೋರಿಸಿ, ಆದೇಶವನ್ನು ಬರವಣಿಗೆಯಲ್ಲಿ ಕೇಳಿ. ಬರೆದುಕೊಡುವವರು ಸಿಗುವುದಿಲ್ಲ.

ಇನ್ನು ಉಳಿದ ಪಾಡು. ಕರಾವಳಿಯ ಒಂದು ಊರಿನ ವೆಟ್‌ವೆಲ್‌ನ ಬಾಯಲ್ಲಿ ನಿಂತು ಒಂದು ಮಳೆಯನ್ನು ಪೂರ್ತಿ ನೋಡಿದ್ದು ನನಗೆ ಇಂದಿಗೂ ನೆನಪಿದೆ. ಮಳೆ ಹನಿಯತೊಡಗಿದಾಗ ಒಳಗೆ ಬೀಳುತ್ತಿದ್ದ ನೀರು ಎಂದಿನಂತೆ ಬೂದುಬಣ್ಣದ್ದು. ಕಾಲು ಗಂಟೆಯಲ್ಲಿ ಅದು ಕಪ್ಪಾಯಿತು, ನಾತ ಏರಿತು, ಕೊಳವೆಯ ತಳವೆಲ್ಲ ಕೆದರಿ ಬಂದಿತ್ತು. ಆಮೇಲೆ ನಿಧಾನಕ್ಕೆ ಕೆಮ್ಮಣ್ಣಿನ ಬಣ್ಣ. ಮನೆಯ ಕೊಳಚೆಯಲ್ಲಿ ಕೆಮ್ಮಣ್ಣು ಇರುವುದಿಲ್ಲ. ಎಲ್ಲೋ ಮುಚ್ಚಳ ಎತ್ತಿದ್ದಾರೆ ಎಂದು ಆಪರೇಟರ್ ನೀರು ನೋಡಿಯೇ ಹೇಳಿದರು. ಜಾಲರಿಯ ಸರಳುಗಳಿಗೆ ಹಾಲಿನ ಪೊಟ್ಟಣ, ಗುಟ್ಕಾ ಚೀಟಿ, ತೆಂಗಿನ ನಾರು, ಒಂದು ಚಪ್ಪಲಿ ಬಂದು ಅಂಟಿಕೊಂಡವು. ಜಾಲರಿಯ ಹಿಂದೆ ನೀರು ಎದೆಯೆತ್ತರ, ಮುಂದೆ ಮೊಣಕಾಲೆತ್ತರ. ಬಾವಿ ತುಂಬಿದಂತೆ ಕಂಡರೂ ಪಂಪಿನ ಬಾಯಿಗೆ ನೀರಿಲ್ಲ. ಗಾಳಿ ಎಳೆದುಕೊಂಡ ಪಂಪಿನ ಗುಂಯ್‌ಗುಡುವ ದನಿ ಕಲ್ಲು ಅಗಿದಂತಾಯಿತು.

ಮೋಟಾರ್ ಟ್ರಿಪ್ ಆಗಲು ಇದೊಂದು ಕಾರಣ. ಇದಕ್ಕೆ ವಿರುದ್ಧವಾದ ಕಾರಣವೂ ಉಂಟು. ಬಾವಿಯ ನೀರು ಬಹಳ ಮೇಲೇರಿದಾಗ ಪಂಪು ಎತ್ತಬೇಕಾದ ಎತ್ತರ ಕಡಿಮೆಯಾಗಿ, ಅದು ತನ್ನ ಗೊತ್ತಾದ ಮಿತಿಗಿಂತ ಹೆಚ್ಚು ನೀರು ತಳ್ಳತೊಡಗುತ್ತದೆ. ಸಾಮಾನ್ಯ ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ನೀರು ಹೆಚ್ಚಾದಂತೆ ಮೋಟಾರ್ ಎಳೆಯುವ ಕರೆಂಟೂ ಹೆಚ್ಚಾಗಿ, ಓವರ್‌ಲೋಡ್ ರಿಲೇ ಬೀಳುತ್ತದೆ. ಆದ್ದರಿಂದ ಟ್ರಿಪ್ ಆದ ಕ್ಷಣದಲ್ಲಿ ಆಂಪಿಯರ್ ಎಷ್ಟಿತ್ತು, ಬಾವಿಯ ಮಟ್ಟ ಎಷ್ಟಿತ್ತು ಎಂದು ಬರೆದಿಟ್ಟುಕೊಳ್ಳಿ. ಆಂಪಿಯರ್ ಕಡಿಮೆಯಾಗಿ ಏರಿಳಿಯುತ್ತಿದ್ದರೆ ಜಾಲರಿ ಕಟ್ಟಿದೆ. ಹೆಚ್ಚಾಗಿದ್ದರೆ ಪಂಪು ಮಿತಿಮೀರಿ ಓಡುತ್ತಿದೆ ಅಥವಾ ಪಂಪಿನೊಳಗೆ ತಿರುಗುವ ಚಕ್ರಕ್ಕೆ, ಅಂದರೆ ಇಂಪೆಲ್ಲರಿಗೆ, ಬಟ್ಟೆ ಸುತ್ತಿದೆ. ರಿಲೇಯ ಸೆಟ್ಟಿಂಗ್ ಏರಿಸಿ ಮತ್ತೆ ಓಡಿಸುವ ಚಾಳಿ ಬೇಡ, ಅದು ಮೋಟಾರನ್ನು ಸುಡುವ ದಾರಿ.

ಮಳೆಯ ಜೊತೆ ಬರುವ ಮರಳು ಮಳೆ ನಿಂತ ಮೇಲೂ ಕಾಡುತ್ತದೆ. ಅದು ಇಂಪೆಲ್ಲರನ್ನು ಸವೆಸಿ ಪಂಪಿನ ಶಕ್ತಿಯನ್ನು ವರ್ಷದಿಂದ ವರ್ಷಕ್ಕೆ ಕುಗ್ಗಿಸುತ್ತದೆ, ಬಾವಿಯ ತಳದಲ್ಲಿ ಗಟ್ಟಿಯಾಗಿ ಕೂತು ಮೊದಲೇ ಚಿಕ್ಕದಾದ ಬಾವಿಯನ್ನು ಇನ್ನೂ ಚಿಕ್ಕದು ಮಾಡುತ್ತದೆ. ಮೇ ತಿಂಗಳು ಮುಗಿಯುವುದರೊಳಗೆ ಸಕ್ಕಿಂಗ್ ಯಂತ್ರ ತರಿಸಿ ಹೂಳು ತೆಗೆಸಬೇಕೆಂದು ಏಪ್ರಿಲ್‌ನಲ್ಲೇ ಪತ್ರ ಕೊಡಿ, ಪ್ರತಿಯನ್ನು ಇಟ್ಟುಕೊಳ್ಳಿ. ಜನರೇಟರನ್ನು ವಾರಕ್ಕೊಮ್ಮೆ ಪಂಪಿನ ಲೋಡ್ ಕೊಟ್ಟು ಓಡಿಸಿ ನೋಡಿ; ಖಾಲಿ ಓಡಿದ ಜನರೇಟರ್ ಮಳೆಯ ರಾತ್ರಿ ಲೋಡ್ ಹಿಡಿಯುತ್ತದೆಂಬ ಭರವಸೆಯಿಲ್ಲ. ಪ್ಯಾನೆಲ್ ಬೋರ್ಡ್ ನೆಲಮಟ್ಟದಲ್ಲಿದ್ದರೆ ಎತ್ತರಿಸಲು ಕೇಳಿ. 2022ರ ಸೆಪ್ಟೆಂಬರ್ ಆರಂಭದಲ್ಲಿ ಮಳವಳ್ಳಿ ತಾಲ್ಲೂಕಿನ ಟಿ.ಕೆ. ಹಳ್ಳಿಯ ಪಂಪಿಂಗ್ ಸ್ಟೇಷನ್‌ಗೆ ನೆರೆನೀರು ನುಗ್ಗಿ ಬೆಂಗಳೂರಿಗೆ ಕಾವೇರಿ ನೀರು ನಿಂತದ್ದು ನಿಮಗೆ ನೆನಪಿರಬಹುದು. ಅದು ಕುಡಿಯುವ ನೀರಿನದು, ನಿಮ್ಮದು ಕೊಳಚೆಯದು. ಯಂತ್ರ ಮುಳುಗಿದರೆ ಪಾಡು ಎರಡಕ್ಕೂ ಒಂದೇ: ನೀರು ಇಳಿಸಿ, ಮೋಟಾರು ಒಣಗಿಸಿ, ಪರೀಕ್ಷಿಸುವವರೆಗೆ ಸ್ವಿಚ್ ಒತ್ತುವಂತಿಲ್ಲ.

ಇಷ್ಟೆಲ್ಲ ಮಾಡಿದರೂ ಹೊರಗಿನ ತಾರಸಿಗಳ ನೀರನ್ನು ಒಬ್ಬ ಆಪರೇಟರ್ ತಡೆಯಲಾರರು. ನಿಮ್ಮ ಲಾಗ್‌ಬುಕ್ಕಿನಲ್ಲಿ ಪಂಪಿನ ಗಂಟೆಗಳ ಪಕ್ಕ ಮಳೆಯ ಹೊತ್ತನ್ನೂ ನೀರಿನ ಬಣ್ಣವನ್ನೂ ಬರೆದಿಟ್ಟರೆ, ತಪ್ಪು ನಿಮ್ಮದಲ್ಲ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇರಲಾರದು.

ಪ್ರಶ್ನೆ: ನಮ್ಮ ಮನೆ ಕಟ್ಟಿದವರು ತಾರಸಿಯ ನೀರನ್ನು ಎಲ್ಲಿಗೆ ಬಿಟ್ಟಿದ್ದಾರೆಂದು ನಮಗೆ ತಿಳಿಯದು. ಹೇಗೆ ಪತ್ತೆಮಾಡುವುದು? ತಪ್ಪಾಗಿದ್ದರೆ ಸರಿಪಡಿಸುವುದು ಹೇಗೆ? ಕೊಳಚೆ ಹಿಂದಕ್ಕೆ ಬರದಂತೆ ವಾಲ್ವ್ ಹಾಕಿಸಿದರೆ ಸಾಕಲ್ಲವೇ?
— ಗೃಹಿಣಿ, ಮೈಸೂರು

ವಾಲ್ವ್ ಹಾಕಿಸಬಹುದು, ಆದರೆ ಅದು ಮುಚ್ಚಿರುವಷ್ಟು ಹೊತ್ತು ನಿಮ್ಮ ಮನೆಯ ನೀರೂ ಹೊರಗೆ ಹೋಗುವುದಿಲ್ಲ. ತಾರಸಿಯ ಕೊಳವೆ ಚೇಂಬರ್‌ಗೇ ಸೇರಿದ್ದರೆ ಆಗ ನಿಮ್ಮದೇ ಮಳೆನೀರು ನಿಮ್ಮದೇ ಬಚ್ಚಲಲ್ಲಿ ತುಂಬುತ್ತದೆ. ಮೊದಲು ಪತ್ತೆಯ ಕೆಲಸ.

ಮಳೆಯಿಲ್ಲದ ದಿನ, ಮನೆಯಲ್ಲಿ ಯಾರೂ ನೀರು ಬಿಡದ ಹೊತ್ತು ನೋಡಿಕೊಂಡು, ರಸ್ತೆಯ ಬದಿಯ ನಿಮ್ಮ ಕೊನೆಯ ಚೇಂಬರಿನ ಮುಚ್ಚಳ ತೆಗೆಸಿಡಿ. ಮಕ್ಕಳು ಹತ್ತಿರ ಸುಳಿಯದಂತೆ ಒಬ್ಬರು ಅಲ್ಲೇ ನಿಂತಿರಲಿ. ಇನ್ನೊಬ್ಬರು ತಾರಸಿಗೆ ಹೋಗಿ, ಒಂದು ಬಕೆಟ್ ನೀರಿಗೆ ಎರಡು ಚಮಚ ಅರಿಸಿನ ಕದಡಿ ಮಳೆಕೊಳವೆಯ ಬಾಯಿಗೆ ಸುರಿಯಲಿ. ಚೇಂಬರಿನಲ್ಲಿ ಹಳದಿ ನೀರು ಕಂಡರೆ ವಿಷಯ ಸ್ಪಷ್ಟವಾಯಿತು. ತಾರಸಿಗೆ ಎರಡು ಮೂರು ಕೊಳವೆಗಳಿದ್ದರೆ ಪ್ರತಿಯೊಂದಕ್ಕೂ ಬೇರೆಯಾಗಿ ಹೀಗೆ ಮಾಡಿ. ಮುಂದಿನದು ಸರಿಯಾಗಿದ್ದು ಹಿತ್ತಲಿನದು ತಪ್ಪಾಗಿರುವುದೇ ಹೆಚ್ಚು.

ತಪ್ಪಾಗಿದ್ದರೆ ಕೊಳವೆಯನ್ನು ನೆಲಮಟ್ಟಕ್ಕಿಂತ ಮೇಲೆ ಕತ್ತರಿಸಿ ಮಳೆನೀರಿನ ತೊಟ್ಟಿಗೋ ಇಂಗುಗುಂಡಿಗೋ ತಿರುಗಿಸಿ, ಅದು ತುಂಬಿದ ಮೇಲಿನ ನೀರು ರಸ್ತೆಬದಿಯ ಮಳೆಚರಂಡಿಗೆ ಹೋಗಲಿ. ಬೆಂಗಳೂರಿನಲ್ಲಿ ಜಲಮಂಡಳಿ ಕಾಯ್ದೆಯ 2009ರ ತಿದ್ದುಪಡಿಯಿಂದಲೇ 2,400 ಚದರ ಅಡಿ ಅಥವಾ ಅದಕ್ಕಿಂತ ದೊಡ್ಡ ನಿವೇಶನದ ಹಳೆಯ ಮನೆಗಳಿಗೂ 1,200 ಚದರ ಅಡಿ ಅಥವಾ ಅದಕ್ಕಿಂತ ದೊಡ್ಡ ನಿವೇಶನದ ಹೊಸ ಮನೆಗಳಿಗೂ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ. ಮೈಸೂರಿನ ಮನೆಗೂ ಅದರಿಂದ ಆಗುವ ಉಪಯೋಗ ಕಡಿಮೆಯೇನಲ್ಲ. ಚೇಂಬರ್ ಕಡೆ ಉಳಿದ ತುಂಡಿಗೆ ಚಿಂದಿ ತುರುಕಿ ಬಿಡಬೇಡಿ. ಎಂಡ್ ಕ್ಯಾಪ್ ಅಂಟಿಸಿ ಸಿಮೆಂಟ್ ಹಾಕಿಸಿ, ಇಲ್ಲದಿದ್ದರೆ ಇಲಿ, ಜಿರಳೆಗಳಿಗೆ ಅದೇ ಹೆದ್ದಾರಿಯಾಗುತ್ತದೆ.

ತೊಡಕಾಗುವುದು ಹಿತ್ತಲಿನ ಒಗೆಯುವ ಕಲ್ಲು. ಅದರ ಸೋಪಿನ ನೀರು ಕೊಳಚೆ ಚೇಂಬರ್‌ಗೇ ಹೋಗಬೇಕು, ಮಳೆಚರಂಡಿಗೆ ಬಿಡುವಂತಿಲ್ಲ. ಆದರೆ ಕಲ್ಲು ತೆರೆದ ಆಕಾಶದ ಕೆಳಗಿದ್ದರೆ ಇಡೀ ಹಿತ್ತಲಿನ ಮಳೆಯೂ ಅದೇ ಜಾಲರಿಯಲ್ಲಿ ಇಳಿಯುತ್ತದೆ. ಕಲ್ಲಿನ ಸುತ್ತ ನಾಲ್ಕು ಅಂಗುಲದ ಕಟ್ಟೆ ಎಬ್ಬಿಸಿ, ಮೇಲೊಂದು ಶೀಟು ಹೊದಿಸಿ, ಶೀಟಿನ ನೀರು ಕಟ್ಟೆಯ ಹೊರಗೆ ಬೀಳುವಂತೆ ಇಳಿಜಾರು ಕೊಡಿಸಿ. ಗಾರೆಯವರಿಗೂ ಪ್ಲಂಬರಿಗೂ ಸೇರಿ ಒಂದು ದಿನದ ಕೆಲಸ.